ಎಡ ಮುಂಚಕ್ರದ ಐದು ನಟ್ಟುಗಳು

ಹೆಸರು: ಸುಧನ್ವ, ತಂದೆ ತಿಪ್ಪಣ್ಣ. ವಯಸ್ಸು: 19 ವರ್ಷ. ಕೆಲಸ: ವಿದ್ಯಾರ್ಥಿ, ಆಟೋಮೋಟಿವ್ ಕೋರ್ಸು, ಮೊದಲನೇ ವರ್ಷ. ವಾಸ: ಒಶಾವಾ, ಕಾಲೇಜಿನಿಂದ 1.2 ಕಿ.ಮೀ. ದೂರದ ಬೇಸ್‌ಮೆಂಟು, ಇನ್ನೂ ನಾಲ್ವರ ಜೊತೆ. ಸ್ವಂತ ಊರು: ಚಿತ್ರದುರ್ಗ.

ನಾನು ಸ್ವಂತ ಇಚ್ಛೆಯಿಂದ ಪೊಲೀಸರಿಗೆ ಈ ಮೂಲಕ ತಿಳಿಸುವುದು ಏನೆಂದರೆ, ಇದು ನನ್ನ ಎರಡನೇ ಹೇಳಿಕೆ. ಮೊದಲನೆಯದನ್ನು 20-10-2018 ಶನಿವಾರ ಮಧ್ಯಾಹ್ನ 1:10ಕ್ಕೆ ರೇಸ್ ಟ್ರ್ಯಾಕಿನ ಫಸ್ಟ್ ಏಡ್ ರೂಮಿನಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿದ್ದೆ. ಅದರಲ್ಲಿ ಒಂದು ವಿಷಯ ಸುಳ್ಳು. ನನಗೆ ಇಂಗ್ಲಿಷ್ ಬರುತ್ತದೆ, ಆದರೆ ಹೆದರಿದಾಗ ಅದರಲ್ಲಿ ಎಸ್ ಸರ್ ಒಂದೇ ಉಳಿಯುತ್ತದೆ. ಆದ್ದರಿಂದ ಈ ಸಲ ಕನ್ನಡದಲ್ಲಿ ಹೇಳುತ್ತಿದ್ದೇನೆ. ದುಭಾಷಿ ಶ್ರೀಮತಿ ಅರುಂಧತಿ ಅವರು ಹಾಜರಿದ್ದಾರೆ.

ಚಂದ್ರಮೋಹನ ಅಂಕಲ್, 52 ವರ್ಷ, ಯೂನಿಯನ್‌ವಿಲ್ ವಾಸಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ನನಗೆ ಸಂಬಂಧಿಯಲ್ಲ. ಸೆಪ್ಟೆಂಬರಿನಲ್ಲಿ ಕನ್ನಡದವರ ಗಣಪತಿ ಹಬ್ಬದಲ್ಲಿ ನಾನು ಊಟಕ್ಕೆ ಎಲೆ ಹಾಕುತ್ತಿದ್ದಾಗ ಪರಿಚಯವಾದರು. ಅವರ ಮಗ ಚಿರಂತನ್, 22 ವರ್ಷ, ಬಿಳಿ ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುತ್ತಾನೆ. ನಾನು ಬಂದು ಕಾರು ರೆಡಿ ಮಾಡಿಕೊಟ್ಟರೆ ಬೇಸಿಗೆಯಲ್ಲಿ ಗ್ಯಾರೇಜ್ ಟ್ರೇನಿಂಗಿಗೆ ಒಳ್ಳೇ ಶಿಫಾರಸು ಪತ್ರ ಕೊಡುವುದಾಗಿ ಅಂಕಲ್ ಹೇಳಿದರು. ನಾನು ಒಪ್ಪಿದೆ.

18-10-2018 ಗುರುವಾರ ಲ್ಯಾಬ್ ತಪ್ಪಿಸಿ, ಎರಡು ಬಸ್ಸು ಬದಲಿಸಿ, ಬೆಳಿಗ್ಗೆ 9:35ಕ್ಕೆ ಅವರ ಮನೆ ತಲುಪಿದೆ. ಮುಂದಿನ ಬ್ರೇಕ್ ಪ್ಯಾಡುಗಳನ್ನು ಬದಲಿಸಿದೆ. ಹೊಸ ಬ್ರೇಕ್ ಆಯಿಲ್ ತುಂಬಿ ಪೈಪಿನೊಳಗಿನ ಗಾಳಿ ತೆಗೆಯುವಾಗ ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಚಿರಂತನ್ ಫೋನ್ ನೋಡುತ್ತಾ ಒತ್ತಿದ. ಬಿಡಬೇಡ ಎಂದು ಮೂರು ಸಲ ಹೇಳಿದೆ. ಡ್ಯೂಡ್, ಐ ಆ್ಯಮ್ ಹೋಲ್ಡಿಂಗ್ ಎಂದ.

ಮಧ್ಯಾಹ್ನ 2 ಗಂಟೆಗೆ ರೋಡಿನ ಸಿಲ್ವರ್ ಚಕ್ರಗಳನ್ನು ಬಿಚ್ಚಿ ಟ್ರ್ಯಾಕಿನ ಕಪ್ಪು ಚಕ್ರಗಳನ್ನು ಹಾಕಿದೆ. ಒಂದು ಚಕ್ರಕ್ಕೆ ಐದರಂತೆ ಇಪ್ಪತ್ತು ನಟ್ಟುಗಳನ್ನೂ, ಬಿಗಿ ಅಳೆಯುವ ಟಾರ್ಕ್ ರೆಂಚನ್ನು 80ಕ್ಕೆ ಸೆಟ್ ಮಾಡಿ, ಟಕ್ ಎನ್ನುವವರೆಗೆ ಬಿಗಿದೆ. ಆಮೇಲೆ ಪ್ರತಿ ನಟ್ಟಿನಿಂದ ಚಕ್ರದ ಮೇಲಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ಹಳದಿ ಗೆರೆ ಎಳೆದೆ. ನಟ್ಟು ಅಲುಗಿದರೆ ಗೆರೆ ಮುರಿದು ಕಾಣುತ್ತದೆ. ಹಾಸ್ಟೆಲಿನಲ್ಲಿ ಏಳು ವರ್ಷ ತಟ್ಟೆ, ಬಕೆಟ್, ಟ್ರಂಕಿನ ಮೇಲೆ ನನ್ನ ನಂಬರು 47 ಬರೆದು ಅಭ್ಯಾಸವಾದ್ದರಿಂದ ಗೆರೆ ನೇರ ಬರುತ್ತದೆ. 2:37ಕ್ಕೆ ಫೋಟೊ ತೆಗೆದೆ. ಫೋಟೊ ಕೊಟ್ಟಿದ್ದೇನೆ. ಸ್ಪೇರ್ ಡಬ್ಬಿಯಲ್ಲಿ ಹಳೇ ಪ್ಯಾಡು, ಆಯಿಲ್ ಬಾಟ್ಲಿ, ಹತ್ತು ಹೆಚ್ಚುವರಿ ನಟ್ಟು ತುಂಬಿ, ಎಲ್ಲಕ್ಕಿಂತ ಮೇಲೆ ಟಾರ್ಕ್ ರೆಂಚ್ ಇಟ್ಟೆ.

2:50ಕ್ಕೆ ಚಂದ್ರಮೋಹನ ಅಂಕಲ್ ಅವರ ಹೆಂಡತಿ ಕೋಕಿಲಾ ಆಂಟಿ ಗ್ಯಾರೇಜಿಗೆ ಬಂದರು. ಅಯ್ಯೋ, ಈ ಕರಿ ಚಕ್ರಕ್ಕೆ ಆಯುಧಪೂಜೆ ಮಾಡೋದಾ, ಫೋಟೊದಲ್ಲಿ ಸತ್ತಂಗೆ ಕಾಣುತ್ತೆ ಎಂದರು. ಸಂಜೆ ಗೆಸ್ಟ್ಸ್ ಬರ್ತಾರೆ, ನಿನಗೆ ಬಸ್ ಲೇಟಾಗುತ್ತಲ್ವಾ ಪುಟ್ಟ ಎಂದು ಐಸ್‌ಕ್ರೀಂ ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟರು. ಬಸ್ ಸ್ಟಾಪಿನಲ್ಲಿ ನಿಂತು ತಿಂದೆ. ಸಂಜೆ 7:52ಕ್ಕೆ ಆಂಟಿ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಿಗೆ ಪೂಜೆಯ ಫೋಟೊ ಹಾಕಿದರು. ಕಾರಿಗೆ ಹಾರ ಇತ್ತು. ಚಕ್ರಗಳು ಸಿಲ್ವರ್. ನಾನು ಕೈಮುಗಿಯುವ ಗುರುತು ಕಳಿಸಿದೆ.

20-10-2018 ಶನಿವಾರ ಬೆಳಿಗ್ಗೆ 6:20ಕ್ಕೆ ಅಂಕಲ್ ಮತ್ತು ಚಿರಂತನ್ ನನ್ನನ್ನು ಒಶಾವಾದಲ್ಲಿ ಹತ್ತಿಸಿಕೊಂಡರು. ಸ್ಪೋರ್ಟ್ಸ್ ಕಾರು ಹಿಂದಿನ ಟ್ರೇಲರ್ ಮೇಲಿತ್ತು. ಟ್ರ್ಯಾಕಿನಲ್ಲಿ 7:25ಕ್ಕೆ ಇಳಿಸಿದಾಗ ಚಕ್ರಗಳು ಮತ್ತೆ ಕಪ್ಪು. ಮೂರು ಚಕ್ರಗಳಲ್ಲಿ ನನ್ನ ಹಳದಿ ಗೆರೆಗಳು ಮುರಿದಿದ್ದವು. ಅರ್ಧ ನಟ್ಟಿನ ಮೇಲೆ, ಅರ್ಧ ಬೇರೆಲ್ಲೋ. ಎಡ ಮುಂಚಕ್ರದಲ್ಲಿ ಗೆರೆಯೇ ಕಾಣಲಿಲ್ಲ. ಐದೂ ನಟ್ಟುಗಳ ಮೇಲೆ, ಸುತ್ತಲೂ ಕುಂಕುಮ ಇತ್ತು.

ಚಕ್ರ ಯಾರು ಬದಲಿಸಿದ್ದು ಎಂದು ಅಂಕಲ್‌ರನ್ನು ಕೇಳಿದೆ. ನಾನೇ ಕಣಯ್ಯ, ನಿಮ್ಮಾಂಟಿಗೆ ಫೋಟೊಗೆ ಸಿಲ್ವರೇ ಬೇಕಿತ್ತು, ನಿನ್ನೆ ಸಂಜೆ ಮತ್ತೆ ಹಾಕಿದೆ, ಕಾರಲ್ಲಿರೋ ಸ್ಪ್ಯಾನರಲ್ಲೇ ಟೈಟ್ ಮಾಡಿದೀನಿ ಎಂದರು. ಒಂದು ಸಲ ರೆಂಚಿನಲ್ಲಿ ನೋಡಿಬಿಡುತ್ತೇನೆ, ನಾಲ್ಕು ನಿಮಿಷ ಸಾಕು ಎಂದೆ. ನಾನೂ ಇಂಜಿನಿಯರ್ರೇ, ನೀನಿನ್ನೂ ಫಸ್ಟ್ ಇಯರ್ರು, ಹೊರಡುವಾಗ ಹಚ್ಚಿರೋ ಕುಂಕುಮ ನೀನು ಒರೆಸಿದರೆ ನಿಮ್ಮಾಂಟಿ ನನ್ನ ಮನೆಗೇ ಸೇರಿಸಲ್ಲ ಎಂದು ನಕ್ಕರು. ನಾನೂ ನಕ್ಕೆ. ಸ್ಪೇರ್ ಡಬ್ಬಿ ಎಂಟು ಹೆಜ್ಜೆ ದೂರದಲ್ಲಿತ್ತು.

7:50ಕ್ಕೆ ತಪಾಸಣೆ ಫಾರಂ ಬಂತು. ಚಕ್ರ ಬಿಗಿ ಮಾಡಿದವರ ಸಹಿಗೆ ಒಂದು ಜಾಗ ಇತ್ತು. ಆಟೋಮೋಟಿವ್ ಓದ್ತಿರೋನು ನೀನು, ನೀನೇ ಹಾಕು, ಚೆನ್ನಾಗಿ ಕಾಣುತ್ತೆ ಎಂದು ಅಂಕಲ್ ಪೆನ್ನು ಕೊಟ್ಟರು. ಸಹಿ ಹಾಕಿದೆ.

10:16ಕ್ಕೆ, ಮೂರನೇ ಸುತ್ತಿನಲ್ಲಿ, ನಾನು ನಿಂತಲ್ಲಿಂದ ಸುಮಾರು 130 ಮೀಟರ್ ದೂರದ ತಿರುವಿನಲ್ಲಿ ಎಡ ಮುಂಚಕ್ರ ಕಳಚಿತು. ಕಾರು ಟೈರಿನ ಗೋಡೆಗೆ ಹೊಡೆದು ನಿಂತಿತು. ಚಿರಂತನ್ ತಾನೇ ಇಳಿದು ನಡೆದು ಬಂದ. ಕಾರು ಮುಗೀತಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಚಕ್ರ ತಡೆಗೋಡೆ ಹಾರಿ, ಬಾವುಟ ತೋರಿಸುತ್ತಿದ್ದ ಸ್ವಯಂಸೇವಕ ಗ್ಲೆನ್ ಅವರ ಬಲಗಾಲಿಗೆ ಬಡಿದು, ಇನ್ನೂ 41 ಮೀಟರ್ ಉರುಳಿತು ಎಂದು ಪೊಲೀಸರು ಅಳೆದು ಹೇಳಿದರು. ಗ್ಲೆನ್ ಅವರಿಗೆ 63 ವರ್ಷ.

1:10ಕ್ಕೆ ಪೊಲೀಸ್ ಆಫೀಸರ್ ನನ್ನನ್ನು ಕೇಳುವ ಮೊದಲು ಅಂಕಲ್ ನನ್ನ ಭುಜದ ಮೇಲೆ ಕೈಯಿಟ್ಟು, ನೀನು ಕಲಿಯೋ ಹುಡುಗ, ನಿನಗೇನೂ ಆಗಲ್ಲ, ನನ್ನ ಹೆಸರು ಬಂದರೆ ಚಿರಂತನ್ ರೇಸಿಂಗ್ ಲೈಸೆನ್ಸ್ ಹೋಗುತ್ತೆ, ಪತ್ರದ ವಿಷಯ ನನಗೆ ಬಿಡು ಎಂದರು. ಚಕ್ರ ಬಿಗಿದದ್ದು ನೀನಾ ಎಂದು ಆಫೀಸರ್ ಕೇಳಿದರು. ಎಸ್ ಸರ್ ಎಂದೆ. ಯಾವಾಗ ಎಂದು ಕೇಳಿದರು. ಇವತ್ತು ಬೆಳಿಗ್ಗೆ ಎಂದು ಅಂಕಲ್ ಹೇಳಿದರು. ನಾನು ತಲೆಯಾಡಿಸಿದೆ. ಸುಳ್ಳು ಅದು. ನಮ್ಮ ಹಾಸ್ಟೆಲಿನಲ್ಲಿ ಗಾಜು ಒಡೆದರೆ ಯಾರಾದರೂ ಒಬ್ಬ ಕೈ ಎತ್ತುವವರೆಗೆ ವಾರ್ಡನ್ ಊಟ ಕೊಡುತ್ತಿರಲಿಲ್ಲ. ನಾನು ಒಡೆಯದ ಗಾಜಿಗೆ ಎರಡು ಸಲ ಕೈ ಎತ್ತಿದ್ದೇನೆ.

22ರಂದು ರಾತ್ರಿ 8:10ಕ್ಕೆ ಕೋಕಿಲಾ ಆಂಟಿ ಗ್ರೂಪಿನಲ್ಲಿ, ಪೂಜೆ ಮಾಡಿದ್ದಕ್ಕೇ ನನ್ನ ಮಗ ಉಳಿದ, ಅರೆಬರೆ ಕಲಿತವರ ಕೈಗೆ ಗಾಡಿ ಕೊಡಬಾರದು ಎಂದು ಬರೆದರು. ನನ್ನ ಹೆಸರು ಬರೆಯಲಿಲ್ಲ. ಎಲ್ಲರಿಗೂ ಗೊತ್ತಾಯಿತು. ಅಂಕಲ್ ಈಗ ಫೋನ್ ಎತ್ತುವುದಿಲ್ಲ. 25ರಂದು ಬೆಳಿಗ್ಗೆ 11:20ಕ್ಕೆ ಆಫೀಸರ್ ನನಗೆ ಫೋನ್ ಮಾಡಿ, ಗ್ಲೆನ್ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು, ಕೇಸು ನಿನ್ನ ಮೇಲೆ ಬರಬಹುದು, ಸ್ಟಡಿ ಪರ್ಮಿಟ್‌ಗೂ ತೊಂದರೆಯಾಗಬಹುದು ಎಂದರು. ಹೆದರಿಕೆಯಿಂದಲೇ ಇಲ್ಲಿಗೆ ಬಂದೆ. ಅದನ್ನೂ ಬರೆದುಕೊಳ್ಳಿ.

ಸಮಯದ ಕ್ರಮದಲ್ಲಿ ಒಂದು ವಿಷಯ ಬಿಟ್ಟಿದ್ದೇನೆ. ಅದು ಶನಿವಾರ ಬೆಳಿಗ್ಗೆ 8:05ಕ್ಕೆ ನಡೆದದ್ದು. ಗ್ಲೆನ್ ಅವರು ತಮ್ಮ ಜಾಗಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕಾರಿನ ಹತ್ತಿರ ನಿಂತರು. ನನಗೆ ಚಳಿ ಆಗುತ್ತಿದ್ದುದನ್ನು ನೋಡಿ ತಮ್ಮ ಗ್ಲೌಸ್ ಕೊಟ್ಟರು. ಒಶಾವಾದ ಕಾರ್ ಫ್ಯಾಕ್ಟರಿಯಲ್ಲಿ 31 ವರ್ಷ ಇದ್ದೆ, ಶುರುವಿನಲ್ಲಿ ಚಕ್ರ ಹಾಕುವ ಲೈನಿನಲ್ಲೇ ನಿಲ್ಲಿಸಿದ್ದರು ಎಂದರು. ಬಗ್ಗಿ ಎಡ ಮುಂಚಕ್ರ ನೋಡಿದರು. ನಮ್ಮಲ್ಲೂ ನಟ್ಟು ಚೆಕ್ ಮಾಡಿದ ಮೇಲೆ ಹೀಗೇ ಬಣ್ಣ ಹಚ್ಚುತ್ತಿದ್ದೆವು, ಈ ಕೆಂಪು ಅದೇ ತಾನೇ, ಚೆಕ್ ಆಗಿದೆಯಾ ಎಂದು ಕೇಳಿದರು.

ಅಂಕಲ್ ಆಗ ಅಲ್ಲಿರಲಿಲ್ಲ. ಕಾಫಿ ತರಲು ಹೋಗಿದ್ದರು. ಯಾರೂ ನನಗೆ ಹೇಳಿಕೊಡಲಿಲ್ಲ. ನಾನು ಹೌದು ಎಂದೆ. ಗುಡ್ ಬಾಯ್ ಎಂದು ಅವರು ನಡೆದು ಹೋದರು.

ಗ್ಲೌಸ್ ಈ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ಅವರಿಗೆ ತಲುಪಿಸಬೇಕಾಗಿ ಕೋರಿಕೆ.

ಮೇಲೆ ಬರೆಸಿದ್ದೆಲ್ಲವೂ ಸತ್ಯ. ಓದಿ ಹೇಳಿದ್ದನ್ನು ಪೂರ್ತಿ ಕೇಳಿದ್ದೇನೆ. ಈ ಸಲ ನನ್ನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ತಪಾಸಣೆ ಫಾರಂ ಮೇಲಿರುವ ಸಹಿಯೂ ನನ್ನದೇ.

ಸ್ಥಳ: ಒಶಾವಾ
ದಿನಾಂಕ: 27-10-2018, ಮಧ್ಯಾಹ್ನ 3:45
ಸಹಿ: ಸುಧನ್ವ ಟಿ.