ನರಳದೆ ಹೋದ ಗಟ್ಟಿಗ

ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ, ಮೆಕ್ಸಿಕೋದಿಂದ ಬಂದು ನೆಲೆಸಿದವರ ಒಂದು ಕೇರಿಯಲ್ಲಿ, ರುಬೆನ್ ಎಂಬ ಗಟ್ಟಿಗನಿದ್ದ. ಮನೆಗಳಿಗೆ ಚಾವಣಿ ಹಾಕುವ ಕೆಲಸ. ನೋಡಿ, ಆ ಕೇರಿಯಲ್ಲಿ ನೋವು ಬಂದರೆ ಹಲ್ಲು ಕಚ್ಚಿ ತಡೆದುಕೊಳ್ಳಬೇಕು. ಗಂಡಸಂತೂ ಮಕ್ಕಳ ಮುಂದೆ ನರಳುವಂತೆಯೇ ಇಲ್ಲ. ನೋವನ್ನು ದೇವರಿಗೊಪ್ಪಿಸಿ ಸುಮ್ಮನಿರುವವನೇ ದೊಡ್ಡವನು.

ಒಮ್ಮೆ ರುಬೆನ್‌ಗೆ ಹೊಟ್ಟೆನೋವು ಹಿಡಿಯಿತು. ಹೆಂಡತಿ ಎಲ್ವೀರಾ ಹೂವಿನ ಕಷಾಯ ಕಾಸಿ ಕೊಟ್ಟಳು, ಹೊಟ್ಟೆಗೆ ಎಣ್ಣೆ ತಿಕ್ಕಿದಳು. ಅವನು ದಿಂಬು ಕಚ್ಚಿಕೊಂಡು ನರಳಿದ್ದು ಅವಳೊಬ್ಬಳಿಗೇ ಕೇಳಿಸಿತು.

"ಹುಡುಗರಿಗೆ ಹೇಳ್ಬೇಡ ಕಣೇ," ಎಂದ.

ಬಲವಂತದಿಂದ ಆಸ್ಪತ್ರೆಗೆ ಕರೆದೊಯ್ದಳು. ಕಾಯಿಲೆಯವನನ್ನು ಒಂಟಿಯಾಗಿ ಕಳಿಸುವ ಜನವಲ್ಲ ಅವರು. ತಾಯಿ, ತಮ್ಮ, ಗಂಡುಮಕ್ಕಳು ಎಲ್ಲರೂ ಮಂಚದ ಸುತ್ತ ನಿಂತರು.

"ತುಂಬಾ ನೋಯ್ತಿದೆಯಾ?" ಡಾಕ್ಟರು ಹೊಟ್ಟೆ ಒತ್ತಿ ಕೇಳಿದರು.

ಅವನು ಉಸಿರು ಬಿಗಿಹಿಡಿದು ನಕ್ಕ. "ಏನಿಲ್ಲ ಡಾಕ್ಟ್ರೇ. ನಿನ್ನೆ ಸ್ವಲ್ಪ ಇತ್ತು."

"ನಮ್ಮಣ್ಣ ಚಾವಣಿಯಿಂದ ಬಿದ್ದಾಗ್ಲೂ ಅಯ್ಯೋ ಅಂದೋನಲ್ಲ," ಎಂದ ತಮ್ಮ. "ಅತ್ತಿಗೆಗೇ ಸುಮ್ನೆ ಗಾಬರಿ!"

ಎಲ್ವೀರಾ ಬಾಯಿ ತೆರೆದಳು. ಗಂಡ ಅವಳತ್ತ ನೋಡಿದ. ಮಕ್ಕಳು ಅಪ್ಪನನ್ನೇ ನೋಡುತ್ತಿದ್ದರು. ಹೇಳಿದರೆ ಅವನ ಮಾನ ಹೋಗುತ್ತದೆ. ಹೇಳದಿದ್ದರೆ ಅವನೇ ಹೋಗಬಹುದು. ಅವಳೇನು ಮಾಡಿದಳು? ಬಾಯಿ ಮುಚ್ಚಿಕೊಂಡಳು. ಮಾತ್ರೆ ಬರೆಸಿಕೊಂಡು ಎಲ್ಲರೂ ಮನೆಗೆ ಬಂದರು.

ಒಳಗೆ ಕರುಳಿಗಂಟಿದ ಅಪೆಂಡಿಕ್ಸ್ ಒಡೆದು ಕೀವು ಹರಡಿತು. ಮತ್ತೆ ಕರೆದೊಯ್ಯುವಷ್ಟರಲ್ಲಿ ಕಾಲ ಮೀರಿತ್ತು.

ಮಣ್ಣಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಂಥಾ ಗಂಡ್ಸು! ಕೊನೇವರೆಗೂ ಒಂದ್ಸಲ ನರಳ್ಲಿಲ್ಲ."

ಎಲ್ವೀರಾ ತಲೆಯೆತ್ತಿದಳು. "ನರಳಿದ್ರು. ನಿಮಗ್ಯಾರಿಗೂ ಕೇಳಿಸ್ಬಾರ್ದು ಅಂತ ದಿಂಬು ಕಚ್ಕೊಂಡು ನರಳಿದ್ರು. ಡಾಕ್ಟ್ರ ಮುಂದೆ ನಾನೂ ನಿಮ್ಮ ಜೊತೆ ಸೇರ್ಕೊಂಡು ಅದನ್ನ ಮುಚ್ಚಿಟ್ಟೆ."

ಅವರಲ್ಲಿ ಪ್ರೀತಿಗೆ ಕೊರತೆಯಿತ್ತೇ? ಮಂಚದ ಸುತ್ತ ನಿಲ್ಲಲು ಜಾಗವಿರಲಿಲ್ಲ! ಹೊಗಳಿ ಹೊಗಳಿಯೇ ಕೊಂದರು. ಯಾವುದೋ ದೇಶದ ಮಾತು ಎಂದು ತಲೆಯಾಡಿಸಬೇಡಿ. "ನಮ್ಮಮ್ಮ ಎಷ್ಟು ನೋವಿದ್ರೂ ಬಾಯಿ ಬಿಡಲ್ಲ" ಎಂದು ಹೆಮ್ಮೆಪಟ್ಟು, ಅದೇ ಅಮ್ಮನ ಕೈಯಲ್ಲಿ ಇನ್ನೊಂದು ದೋಸೆ ಹಾಕಿಸಿಕೊಳ್ಳುವವರು ಯಾರು? ಇಲ್ಲೇ ಕೂತಿದ್ದೀರಿ. ನರಳಿದರೆ ಮುಖ ತಿರುಗಿಸುವವನು ದೇವರಲ್ಲ, ತಿರುಗಿಸುವವರು ನಾವು.

ನಾಳೆ ನಿಮ್ಮ ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು "ಏನಿಲ್ಲ" ಎಂದರೆ ಹೊಗಳಬೇಡಿ. ಉಳಿದವರನ್ನು ಹೊರಗೆ ಕಳಿಸಿ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ. ಅವರು ಹೇಳದಿದ್ದರೆ ಡಾಕ್ಟರ ಮುಂದೆ ನೀವು ಹೇಳಿ. ಮನೆಗೆ ಬಂದು ಬೈಯುತ್ತಾರೆ, ಬೈಯಲಿ. ಬೈಯುವುದಕ್ಕೆ ಅವರು ಇರಬೇಕಲ್ಲವೇ?