ಹಗೇವಿನ ಬಾಯಲ್ಲಿ ಕೂತವಳು

ಪಟ್ಟಣದ ಕೋಟೆ ಬಿದ್ದ ವರ್ಷದ ಮುಂಗಾರು. ಬಿಂಡಿಗನವಿಲೆಯಲ್ಲಿ ಮಧ್ಯಾಹ್ನದಿಂದಲೂ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಹೊಲದಿಂದ ಓಡಿ ಬಂದವರೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು ಆಚಾರಿಯ ಕುಲುಮೆಯ ಸುತ್ತ ಒತ್ತಿಕೊಂಡು ಕೂತಿದ್ದರು. ಮದುವೆಯಾಗಿ ಊರಿಗೆ ಹೊಸದಾಗಿ ಬಂದಿದ್ದ ಪುಟ್ಟಗೌರಿ ಒಂದು ಮೂಲೆಯಲ್ಲಿ ನಿಂತು ಗಂಡನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಹಿಟ್ಟಿರಲಿಲ್ಲ. ದಂಡಿಗೆ ಹೆದರಿ ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದ್ದ ರಾಗಿಯನ್ನು ಮಳೆ ಬಿಟ್ಟ ಕೂಡಲೇ ತೆಗೆಯಬೇಕು. ಒಳಗೆ ಇಳಿಯುವವನು ಅವಳ ಗಂಡ ದೇವಯ್ಯ.

“ದೀಪ ಬುಟ್ಟು ನೋಡ್ಕಂಡು ಇಳಿಲಾ,” ಎಂದರು ಯಾರೋ.

“ಎಣ್ಣೆ ಇದ್ರೆ ತಲೆಗೆ ಆಕ್ಕತೀನಿ ಕಣ್ಲಾ. ಅಗೇವಿಗೇನು ದೀಪಾವಳಿನಾ?” ಎಂದ ದೇವಯ್ಯ.

ಎಲ್ಲರೂ ನಕ್ಕರು. ಪುಟ್ಟಗೌರಿಗೆ ನಗು ಬರಲಿಲ್ಲ. ಅಷ್ಟು ಜನರೆದುರು ಗಂಡನಿಗೆ ಬೇಡ ಎನ್ನಲು ಬಾಯಿಯೂ ಬರಲಿಲ್ಲ. ಬೆಂಕಿಗೆ ಕೈಯೊಡ್ಡಿ ಕೂತಿದ್ದ ಮುದುಕಿ ಚಿಕ್ಕಬೋರಮ್ಮ ಅವಳ ಮುಖವನ್ನೇ ನೋಡಿದಳು.

“ಕೆಂಚವ್ವನ ಕತೆ ಈ ಮೊಗಿಗೆ ಯಾರೂ ಏಳ್ನಿಲ್ವಾ? ಕೇಳವ್ವ… ಮೊದ್ಲೊಂದ್ಸಲ ದಂಡು ಬಂದು ಪಟ್ಟಣನ ಸುತ್ಕಂಡಿತ್ತಲ್ಲ, ಆ ವರ್ಸ ನಾವೆಲ್ಲ ಗುಡ್ಡದ ಮೇಲೆ ಸೊಪ್ಪುಸೆದೆ ತಿನ್ಕಂಡಿದ್ದು, ದಂಡು ಓಯ್ತು ಅಂದ್ಮೇಲೆ ಇಳ್ಕಂಡು ಬಂದೋ. ಕೆಂಚವ್ವನ ಗಂಡ ಮಾರಯ್ಯ ಅಗೇವಿನ ಚಪ್ಪಡಿ ಎತ್ತಿ, ಕುಕ್ಕೇಲಿ ಅಣತೆ ಮಡಗಿ, ಅಗ್ಗ ಕಟ್ಟಿ ಒಳೀಕೆ ಬುಟ್ಟ. ದೀಪ ರಾಗಿ ಮುಟ್ಟಿ, ಒಂದು ಎಲೆಯಡಿಕೆ ಅಗಿಯೋಗಂಟ ಉರೀತಿದ್ರೆ ಇಳೀಬೋದು. ಆರೋದ್ರೆ ಒಳಗಿರೋದು ಕೆಟ್ಟುಸ್ರು, ಎಳ್ಕಂಡೋನು ಸತ್ತಂಗೇಯ. ಬೇವಿನ ಸೊಪ್ಪು ಇಳ್ಸಿ ಎತ್ತಿ ಬೀಸ್ತಾ ಕಾಯ್ಬೇಕು… ಆವತ್ತು ದೀಪ ಆರೋಯ್ತು. ಆದ್ರೆ ಮೇಲೆ ಬಿರುಗಾಳಿ ಬೀಸ್ತಿತ್ತಲ್ಲ? ‘ಗಾಳಿ ಕಣೆ, ಗಾಳಿಗೆ ಆರ್ತು’ ಅಂದ ಮಾರಯ್ಯ. ಮಕ್ಳು ಅಸ್ಕಂಡು ಅಳ್ತಿದ್ದೊ. ಕೆಂಚವ್ವನೂ ಊಂ, ಇಳಿ ಅಂದ್ಲು. ಕಾಲು ರಾಗಿ ಮುಟ್ತು… ಅಷ್ಟೇಯ. ಒಂದು ಕೂಗಿಲ್ಲ. ನಿದ್ದೆ ಬಂದೋನಂಗೆ ಮಲಿಕ್ಕಂಡ.

“ಆಮೇಲೆ ಅವಳು ಏನ್ ಮಾಡುದ್ಲು ಗೊತ್ತಾ? ಯಾರೇ ಅಗೇವು ತೆಗೀಲಿ, ಕರೀದಿದ್ರೂ ಬಂದು ಬಾಯಲ್ಲಿ ಕೂತ್ಕಂಡು, ದೀಪುಕ್ಕೆ ಸೆರಗು ಮರೆ ಮಾಡೋಳು. ಇನ್ಯಾರೂ ದೀಪ ಆರಿದ್ದನ್ನ ಗಾಳಿ ಮೇಲೆ ಆಕ್ಬಾರ್ದು ಅಂತ. ಎಲ್ಲಾರ ಗಂಡುಮಕ್ಳೂ ಅವಳ್ಗೆ ಮಾರಯ್ಯನೇ ಆಗೋಗಿದ್ರು. ಜರ ಬಂದು ಸತ್ಲು, ಮಣ್ ಮಾಡ್ದೋ… ಮುಂದ್ಲ ವರ್ಸ ನನ್ ಮಗ ಅಗೇವು ತೆಗ್ದ. ದೀಪ ಆರ್ತು. ‘ಗಾಳಿ ಕಣವ್ವ’ ಅಂತ ಕಾಲು ಇಳೀಬುಟ್ಟ. ಒಂದೆಲೆ ಅಲ್ಲಾಡ್ತಿರ್ನಿಲ್ಲ ಕಣ್ರಪ್ಪ! ಬೆನ್ನ ಕಡೆಯಿಂದ ಒಂದು ಕೈ ಬಂದು ಅವನ ಉಡಿದಾರ ಇಡ್ಕತ್ತು. ಬಳೆ ಇಲ್ದಿರೋ ಕೈ… ಮಂಜಿನಂಗೆ ತಣ್ಣಗೆ. ‘ಇನ್ನೊಂಚೂರು ತಾಳಪ್ಪ’ ಅಂತ ಯಾರೋ ಅತ್ತಂಗಾಯ್ತು. ತಿರುಗಿ ನೋಡುದ್ರೆ ಯಾರವ್ರೆ? ನನ್ ಮಗ ಇವತ್ತೂ ಬದುಕವ್ನೆ.”

“ಸತ್ತೋಳ್ಗೆ ಬ್ಯಾರೆ ಕೆಲ್ಸ ಇಲ್ವಾ ಅಜ್ಜಿ?” ಎಂದ ದೇವಯ್ಯ. ದನಿ ಮಾತ್ರ ಇಳಿದಿತ್ತು.

“ಎಣ್ಣೆ ನಾನು ತತ್ತೀನಿ.”

ಎಲ್ಲರೂ ತಿರುಗಿ ನೋಡಿದರು. ಪುಟ್ಟಗೌರಿಯ ಮುಖ ಕೆಂಪಾಯಿತು; ಆದರೂ ಮಾತು ನಿಲ್ಲಿಸಲಿಲ್ಲ. “ಬಾಯಲ್ಲಿ ನಾನೇ ಕೂರ್ತೀನಿ. ದೀಪ ಒಳಗೆ ಆರ್ದೆ ನಿಲ್ಲೋಗಂಟ ನೀವು ಇಳೀಕೂಡ್ದು.”

ದೇವಯ್ಯ ಎದ್ದು ಅವಳ ಬಳಿಗೆ ಬಂದ. “ಆಯ್ತು ಬುಡು,” ಎಂದ ಮೆಲ್ಲಗೆ. “ನೀನು ಇಳಿ ಅಂದಾಗ ಇಳೀತೀನಿ.”

ಹೊರಗೆ ಮಳೆ ಕಡಿಮೆಯಾಗುತ್ತಿತ್ತು. ಚಿಕ್ಕಬೋರಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಪುಟ್ಟಗೌರಿಯ ಕೆನ್ನೆ ಸವರಿದಳು.

“ಕೂತ್ಕೊ ಮೊಗಾ, ಎದುರ್ಕಬ್ಯಾಡ. ಒಬ್ರು ಕೂರೋ ಅಷ್ಟು ಜಾಗ ಬುಟ್ಟು ಕೂತ್ಕೊ… ಆಗ್ಲಿಂದ ನಿನ್ ಪಕ್ಕದಲ್ಲೇ ನಿಂತವ್ಳಲ್ಲ, ಅವಳೂ ಕೂರ್ಬೇಕು.”