ನಡಿಗೆ ಸಂಘಕ್ಕೆ ನನ್ನ ಮಗಳ ಹೆಸರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ದೂರದಿಂದ ಬಂದ ಅತಿಥಿಗಳೇ, ಮೇಷ್ಟ್ರುಗಳೇ, ಮೇಡಂಗಳೇ, ಮಕ್ಕಳೇ, ಮಕ್ಕಳನ್ನು ಹೆತ್ತವರೇ, ಎಲ್ಲ ಸಭಿಕರೇ,

ಇವತ್ತು ನನಗೆ ಉಪವಾಸ. ಆಗಲೇ ಟೀ ತಂದ ಹುಡುಗಿಗೆ ಬೇಡ ಎಂದೆ, ಪಾಪ, ಅವಳ ಮುಖ ಸಣ್ಣದಾಯಿತು. ನಿನ್ನ ಮೇಲೆ ಸಿಟ್ಟಿಲ್ಲಮ್ಮ, ದೇವರಿಗೆ ಹೇಳಿಕೊಂಡಿದ್ದೇನೆ, ಅಷ್ಟೇ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿಸಿ, ದೀಪ ಹಚ್ಚಿ, ಯಜಮಾನರಿಗೆ ಅಡುಗೆ ಮಾಡಿಟ್ಟು ಬಂದಿದ್ದೇನೆ. ಅವರು ಬರಲಿಲ್ಲ. "ನೀನು ಹೋಗಿ ಬಾ. ಆ ಗೇಟು ದಾಟೋಕೆ ನನ್ನ ಕಾಲು ಏಳಲ್ಲ" ಎಂದರು.

ಮುಖ್ಯೋಪಾಧ್ಯಾಯರು ನನಗೆ ಹೇಳಿದ್ದು, "ಎರಡು ಮಾತಾಡಿ ಸಾಕಮ್ಮ, ಆಮೇಲೆ ಈ ದಾರ ಎಳೀರಿ, ಫಲಕದ ಪರದೆ ಸರಿಯುತ್ತೆ." ಎರಡು ಮಾತಿಗೆ ನಿಲ್ಲಿಸುವುದು ನನ್ನ ತವರಿನಲ್ಲಿ ಯಾರಿಗೂ ಬಂದಿಲ್ಲ ಸ್ವಾಮಿ. ಸ್ವಲ್ಪ ತಡೆದುಕೊಳ್ಳಿ.

ಕಾರ್ಯದರ್ಶಿಗಳು ವರದಿ ಓದಿದರು. ಚರ್ಚಾ ಸಂಘ, ವಿಜ್ಞಾನ ಸಂಘ, ನಾಟಕ ಸಂಘ, ತೋಟದ ಸಂಘ. ಕೇಳುತ್ತಾ ಖುಷಿಯಾಯಿತು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ಅಲ್ಲಿ ಇದ್ದದ್ದು ಒಂದು ಹಗ್ಗ. ಹಗ್ಗ ಜಗ್ಗಾಟಕ್ಕೂ ಅದೇ, ಕುಪ್ಪಳಿಸುವುದಕ್ಕೂ ಅದೇ. ಮೇಷ್ಟ್ರ ಮನೆಯವರು ನೀರು ಸೇದುವ ಹೊತ್ತಾದರೆ ನಮ್ಮ ಕ್ರೀಡಾ ಸಂಘ ಬಾವಿಗೆ ಇಳಿಯುತ್ತಿತ್ತು. ಅದಕ್ಕೇ ನನ್ನ ಮಗಳು ನಡಿಗೆ ಸಂಘಕ್ಕೆ ಸೇರಿದೆ ಎಂದಾಗ ನಗು ಬಂತು. "ನಡೆಯೋಕೂ ಒಂದು ಸಂಘ ಬೇಕೇನೇ? ಅಂಗಡಿಗೆ ಹೋಗಿ ಬಾ ಅಂದ್ರೆ ಕಾಲು ನೋವು ಅಂತೀಯಲ್ಲ" ಎಂದೆ. "ಅಂಗಡಿಗೆ ಹೋದ್ರೆ ಅಂಗಡಿ ಸಿಗುತ್ತಮ್ಮ. ಬೆಟ್ಟಕ್ಕೆ ಹೋದ್ರೆ ಏನು ಸಿಗುತ್ತೆ ಅಂತ ಯಾರಿಗ್ ಗೊತ್ತು?" ಎಂದಳು.

ಸಂಘದಲ್ಲಿ ಅವಳ ಜೋಡಿ ನಮ್ಮ ಬೀದಿಯ ದರ್ಜಿಯ ಮಗಳು. ಬಾಯಿ ಮುಚ್ಚದ ಹುಡುಗಿ, ಅದಕ್ಕೆ ನಾವೆಲ್ಲ ಗಿಣಿ ಎನ್ನುತ್ತಿದ್ದೆವು. ನಮ್ಮ ಅಡುಗೆಮನೆಗೆ ಬಂದರೆ "ಅತ್ತೆ, ಉಪ್ಪು ಕಮ್ಮಿ" ಎಂದು ಹೇಳಿಯೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

ಆ ಸಂಘದಲ್ಲಿ ಒಂದು ಪದ್ಧತಿ ಇತ್ತು. ಬಸ್ಸು ಹತ್ತಿದ ಮೇಲೆ ವ್ಯಾಯಾಮದ ಮೇಷ್ಟ್ರು ಮಕ್ಕಳ ಹೆಸರು ಕೂಗುತ್ತಿರಲಿಲ್ಲ, ಜೋಡಿ ಕೂಗುತ್ತಿದ್ದರು. ಇಬ್ಬರಲ್ಲಿ ಒಬ್ಬರು "ಇದ್ದೀವಿ" ಎಂದರೆ ಮುಗಿಯಿತು. ಹೊತ್ತು ಉಳಿಯುತ್ತೆ, ಒಬ್ಬರ ಜವಾಬ್ದಾರಿ ಒಬ್ಬರು ಹೊರುತ್ತಾರೆ ಎಂದು ಇದೇ ವೇದಿಕೆಯಲ್ಲಿ ಹೊಗಳಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ.

ಹೋದ ವರ್ಷ ಮಕ್ಕಳು ಕಲ್ಲುಗಣಿಯ ಬೆಟ್ಟಕ್ಕೆ ಹೋದರು. ಇಳಿಯುವಾಗ ನನ್ನ ಮಗಳ ಚಪ್ಪಲಿ ಕಿತ್ತುಹೋಯಿತು. "ನೀನು ಹೋಗಿ ಕಿಟಕಿ ಸೀಟು ಹಿಡಿ, ನಾನು ಪಿನ್ನು ಹಾಕ್ಕೊಂಡು ಬಂದೆ" ಎಂದಳು. ಗಿಣಿ ಓಡಿ ಹೋಗಿ ಸೀಟು ಹಿಡಿದಳು. ಮೇಷ್ಟ್ರು ಜೋಡಿ ಕೂಗಿದರು. ಹಿಂದೆಯೇ ಬರುತ್ತಿದ್ದಾಳಲ್ಲ ಎಂದು ಈ ಹುಡುಗಿ "ಇದ್ದೀವಿ" ಎಂದಳು. ಬಸ್ಸು ಹೊರಟಿತು. ನನ್ನ ಮಗಳು ತಿರುವಿನಲ್ಲಿ ಹಿಡಿಯೋಣ ಎಂದು ಗಣಿಯ ಅಂಚಿಗೆ ಓಡಿದಳು. ಕಲ್ಲು ಒಡೆಯುವ ಹೆಂಗಸೊಬ್ಬಳು ನೋಡಿದ್ದಾಳೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈ ಬಸ್ಸಿನತ್ತ ಬೀಸುತ್ತಾ ಇದ್ದಳಂತೆ. ಕಾಲು ಜಾರಿತು. ಕೆಳಗೆ ಗಣಿಯ ನೀರು.

ಆಮೇಲಿನದು ನಿಮಗೆಲ್ಲ ಗೊತ್ತು. ಜೋಡಿ ಹುಡುಗಿ ಸುಳ್ಳು ಉತ್ತರ ಕೊಟ್ಟಿದ್ದರಿಂದ ಹೀಗಾಯಿತು ಎಂದು ಪೋಷಕರ ಸಭೆಯಲ್ಲಿ ಹೇಳಿದಿರಿ. ಅವಳನ್ನು ಎಲ್ಲ ಸಂಘಗಳಿಂದ ತೆಗೆದಿರಿ. ಸ್ವಲ್ಪ ದಿನಕ್ಕೆ ಅವಳು ಶಾಲೆಯನ್ನೇ ಬಿಟ್ಟಳು. ಬೀದಿಯಲ್ಲಿ ಅವಳ ತಾಯಿ ಎದುರು ಬಂದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗುತ್ತಿದ್ದೆ. ಹೆತ್ತ ಹೊಟ್ಟೆಗೆ ಬೈಯುವುದಕ್ಕೆ ಯಾರಾದರೂ ಬೇಕಲ್ಲ?

ಹೋದ ವಾರ ಆ ಬಸ್ಸಿನ ಡ್ರೈವರ್ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಅಮ್ಮ, ಫಲಕ ಹಾಕ್ತಾರಂತೆ. ಅದಕ್ಕೆ ಮುಂಚೆ ನೀವು ಇದನ್ನ ಕೇಳ್ಬೇಕು" ಎಂದರು. ಬಸ್ಸು ಹೊರಟ ಕೂಡಲೇ ಗಿಣಿ ಎದ್ದು ನಿಂತಳಂತೆ. "ಸರ್, ಅವಳು ಕಾಣ್ತಿಲ್ಲ." "ಮುಂದೆಲ್ಲೋ ಕೂತಿರ್ತಾಳೆ, ಜೋಡಿ ಲೆಕ್ಕ ಸರಿ ಇದೆ, ಕೂತ್ಕೋ." ಅವಳು ಕೂರಲಿಲ್ಲ. ಓಡುವ ಬಸ್ಸಿನಲ್ಲಿ ಸೀಟು ಸೀಟು ಹಿಡಿದುಕೊಂಡು ಮುಂದಕ್ಕೆ ಬಂದಳು. "ಸರ್, ಮುಂದೆನೂ ಅವಳಿಲ್ಲ, ಬಸ್ ನಿಲ್ಸಿ ಸರ್." "ಇದ್ದೀವಿ ಅಂದವಳು ನೀನೇ ತಾನೆ? ಈಗ ನಾಟಕ ಆಡ್ಬೇಡ." ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟರಂತೆ. "ನಡೀರಿ, ಹೊತ್ತಾಗಿದೆ" ಎಂದು ಮೇಷ್ಟ್ರಿಂದ ಹೇಳಿಸಿಕೊಂಡು ಕಾಲು ತೆಗೆದರಂತೆ. ಅದನ್ನು ಹೇಳಿ ಆ ಮನುಷ್ಯ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತರು.

ಇಷ್ಟನ್ನೂ ಆ ಹುಡುಗಿ ನಿಮ್ಮ ವಿಚಾರಣೆಯಲ್ಲಿ ಹೇಳಿದ್ದಳಂತೆ. ಯಾಕೆ ಯಾರೂ ನಂಬಲಿಲ್ಲ? ಸುಳ್ಳು ಹೇಳಿದವಳು ಎಂದು ಒಮ್ಮೆ ತೀರ್ಮಾನವಾದ ಮೇಲೆ ಅವಳ ನಿಜಕ್ಕೆ ಬೆಲೆ ಎಲ್ಲಿ?

ಮಾರನೆಯ ದಿನ ದರ್ಜಿಯ ಮನೆಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಾ ಕೂತಿದ್ದಳು. "ಗಿಣಿ" ಎಂದೆ. ಎದ್ದು ಬಂದು ಎದುರು ನಿಂತಳು, ಬಾಯಿ ಬಿಡಲಿಲ್ಲ. ಅವಳ ತಾಯಿ ಹೇಳಿದರು, "ಒಂದು ವರ್ಷ ಆಯ್ತಕ್ಕ. ಕರೆದ್ರೆ ಓ ಅನ್ನಲ್ಲ. ಹಿಂಗೇ ಬಂದು ನಿಂತ್ಕೋತಾಳೆ." ನಾನು ತಲೆ ಸವರಿದೆ, ನಿನ್ನದು ತಪ್ಪಿಲ್ಲ ಕಂದ ಎಂದೆ. ಕೇಳಿಸಿಕೊಂಡಳು, ಹೋಗಿ ಸೂಜಿ ಹಿಡಿದಳು. ನನ್ನ ಮಾತು ಅವಳಿಗೆ ಸಾಲಲಿಲ್ಲ. ಅತ್ತೆ ಕನಿಕರಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು.

ಫಲಕ ಬೇಡ ಎನ್ನುವುದಿಲ್ಲ. ಸಂಘ ನಿಲ್ಲಿಸಿ ಎಂದೂ ಹೇಳುವುದಿಲ್ಲ, ಮಕ್ಕಳು ಬೆಟ್ಟ ಹತ್ತಲಿ. ಒಬ್ಬೊಬ್ಬರ ಮುಖ ನೋಡಿ ಹೆಸರು ಕೂಗಿ, ಅಷ್ಟೇ. ಆದರೆ ಒಬ್ಬಳ ಹೆಸರು ಗೋಡೆಗೆ ಹಾಕಿ ಇನ್ನೊಬ್ಬಳನ್ನು ಕತ್ತಲೆ ಕೋಣೆಗೆ ಹಾಕುವ ಕೆಲಸಕ್ಕೆ ನಾನು ದಾರ ಎಳೆಯುವುದಿಲ್ಲ. ದೇವರು ಮೆಚ್ಚುವುದಿಲ್ಲ, ನನ್ನ ಮಗಳಂತೂ ಮೆಚ್ಚುವುದಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಕೈ ಮುಗಿಯುತ್ತೇನೆ, ನಮಸ್ಕಾರ.

ವ್ಯಾಯಾಮದ ಮೇಷ್ಟ್ರೇ, ಅಲ್ಲಿ ಕಂಬದ ಪಕ್ಕದಲ್ಲಿ ಕೂತಿದ್ದೀರಿ, ನೋಡಿದ್ದೇನೆ. ನೀವು ಕೆಟ್ಟವರಲ್ಲ, ನಿಮಗೂ ನಿದ್ದೆ ಇಲ್ಲವೆಂದು ಕೇಳಿದ್ದೇನೆ. ಏಳಿ. ದರ್ಜಿಯ ಮನೆ ಇಲ್ಲೇ, ಹಿಂದಿನ ಬೀದಿ. ಅವಳು ಬಸ್ಸು ನಿಲ್ಲಿಸಿ ಎಂದದ್ದು ನಿಜ ಎಂದು ಅವಳ ಎದುರು ನೀವೇ ಹೇಳಿ. ಆಮೇಲೆ ಕೇಳಿ, ಶಾಲೆಗೆ ಬರುತ್ತೀಯಾ ಮಗಳೇ ಎಂದು. ನಾನು ಇಲ್ಲೇ ಈ ಕುರ್ಚಿಯಲ್ಲಿ ಕೂತಿರುತ್ತೇನೆ. ತಲೆ ಆಡಿಸಿದಳು ಎಂದು ವಾಪಸು ಬರಬೇಡಿ. ಅವಳು ಬಾಯಿ ಬಿಟ್ಟು ಏನು ಹೇಳುತ್ತಾಳೋ, ಆ ಉತ್ತರ ತಂದುಕೊಡಿ.